ಇಬ್ಬರ ಜಗಳ, ಪೀಣ್ಯದ ಮ್ಯಾಗ್ನೆಟ್

ಪ್ರಶ್ನೆ: ಸರ್, ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಘಟಕ ಇದೆ. 14 ಜನ ಕೆಲಸ ಮಾಡುತ್ತಾರೆ. ಎಲೆಕ್ಟ್ರಿಕ್ ಆಟೋಗಳಿಗೆ ಮೋಟಾರು ಕಟ್ಟಿಕೊಡುತ್ತೇವೆ. 2025ರ ಏಪ್ರಿಲ್ ಆದಮೇಲೆ ಚೀನಾದ ಮ್ಯಾಗ್ನೆಟ್ ನೆಚ್ಚಿಕೊಳ್ಳುವ ಹಾಗೇ ಇಲ್ಲ. ಒಂದು ಸಲ ಮಾಲು ಬಂದರೆ ಇನ್ನೊಂದು ಸಲ ಅಲ್ಲಿನ ಬಂದರಿನಲ್ಲೇ ನಿಂತುಬಿಡುತ್ತದೆ. ಟಿವಿ ಹಾಕಿದರೆ ‘ಅಮೆರಿಕ–ಚೀನಾ ಜಗಳ, ಭಾರತಕ್ಕೆ ಲಾಭ’ ಅನ್ನುತ್ತಾರೆ. ಅದನ್ನು ನೋಡುತ್ತಿದ್ದ ನಮ್ಮಮ್ಮ, ‘ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನೋದು ನಿಜಾನಾ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದು ನಿಜಾನಾ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ. ಯಾವುದು ನಿಜ? ನಾನೀಗ ಏನು ಮಾಡಬೇಕು?

ಉತ್ತರ: ನಿಮ್ಮ ತಾಯಿಯವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿ. ಮೂವತ್ತು ವರ್ಷ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಮಾಡಿದ್ದೇನೆ. ಈ ವಿಷಯದಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಎರಡು ಗಾದೆಯೂ ನಿಜವೇ. ಜಗಳವಾಡುವ ಇಬ್ಬರಿಗೂ ಬೇಕಾದದ್ದು ಮೂರನೆಯವನ ಕೈಯಲ್ಲಿ ಇದ್ದರೆ ಅವನಿಗೆ ಲಾಭ. ಇಬ್ಬರಿಂದಲೂ ಇಸಿದುಕೊಂಡೇ ಬದುಕುವ ಸ್ಥಿತಿ ಇದ್ದರೆ ಅವನೇ ಕೂಸು. ಒಂದೇ ದೇಶ, ಒಂದೇ ಊರು, ಒಂದು ಸಾಮಾನಿಗೆ ಮೂರನೆಯವನಾಗಿ ಇನ್ನೊಂದಕ್ಕೆ ಕೂಸಾಗಿ ಇರಬಹುದು. ಬೆಂಗಳೂರು ಈಗ ಹಾಗೇ ಇದೆ. ಮ್ಯಾಗ್ನೆಟ್ ವಿಷಯದಲ್ಲಿ ನೀವು ಕೂಸು.

2025ರ ಏಪ್ರಿಲ್ 2ರಂದು ಅಧ್ಯಕ್ಷ ಟ್ರಂಪ್ ಹೆಚ್ಚುಕಡಿಮೆ ಇಡೀ ಜಗತ್ತಿನ ಮೇಲೆ ಸುಂಕ ಘೋಷಿಸಿದರು. ಎರಡೇ ದಿನಕ್ಕೆ, ಏಪ್ರಿಲ್ 4ಕ್ಕೆ, ಚೀನಾ ಏಳು ವಿರಳ ಲೋಹಗಳ, ಅವು ಸೇರಿದ ಮ್ಯಾಗ್ನೆಟ್ಟುಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ರೇರ್ ಅರ್ತ್ ಎಂದು ನಿಮ್ಮ ಕಡೆ ಕರೆಯುವುದು ಇವನ್ನೇ. ಆ ಏಳರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಎರಡು ಇವೆ. ನಿಯೋಡಿಮಿಯಂ ಮ್ಯಾಗ್ನೆಟ್‌ಗೆ ಇವನ್ನು ಒಂದಿಷ್ಟು ಸೇರಿಸಿದರೆ ಮೋಟಾರು ಕಾದರೂ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳುವುದಿಲ್ಲ. ಏರು ರಸ್ತೆಯಲ್ಲಿ ನಾಲ್ಕು ಜನರನ್ನು ಎಳೆಯುವ ಆಟೋದ ಮೋಟಾರು ಎಷ್ಟು ಕಾಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಗಮನಿಸಿ, ಆ ಆದೇಶ ಅಮೆರಿಕದ ಹೆಸರು ಹಿಡಿದು ಹೊರಡಿಸಿದ್ದಲ್ಲ. ಯಾವ ದೇಶ ಕೊಂಡರೂ ಲೈಸೆನ್ಸ್ ಬೇಕು. ಲೈಸೆನ್ಸ್‌ಗೆ ಎಂಡ್ ಯೂಸರ್ ಸರ್ಟಿಫಿಕೇಟ್ ಬೇಕು: ಈ ಮ್ಯಾಗ್ನೆಟ್ ಎಲ್ಲಿ ಕೂರುತ್ತದೆ, ಯಾರು ಬಳಸುತ್ತಾರೆ, ಶಸ್ತ್ರಾಸ್ತ್ರಕ್ಕೆ ಹೋಗುವುದಿಲ್ಲ ಎಂಬ ಮುಚ್ಚಳಿಕೆ. ಆ ಕಾಗದ ದೆಹಲಿಯ ಇಲಾಖೆಗಳನ್ನು ಸುತ್ತಿ, ಚೀನಾದ ರಾಯಭಾರ ಕಚೇರಿಯ ಮುದ್ರೆ ಹಾಕಿಸಿಕೊಂಡು, ಅಲ್ಲಿನ ವಾಣಿಜ್ಯ ಸಚಿವಾಲಯದ ಮೇಜಿಗೆ ಹೋಗಬೇಕು. ದೊಡ್ಡ ವಾಹನ ಕಂಪನಿಗಳೇ ತಿಂಗಳುಗಟ್ಟಲೆ ಕಾದವು. 14 ಜನರ ಘಟಕದ ಪರವಾಗಿ ಆ ಕಾಗದದ ಹಿಂದೆ ಓಡಾಡಲು ಯಾರಿದ್ದಾರೆ?

ಸುಂಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು, ಟಿವಿ ಚರ್ಚೆಗಳಲ್ಲಿ ಅದು ಕಲಸಿಹೋಗುತ್ತದೆ. 2024ರ ಬೇಸಿಗೆ ನೆನಪಿಸಿಕೊಳ್ಳಿ. ಟ್ಯಾಂಕರ್ ದರ ಏರಿದಾಗ ಬೈದುಕೊಂಡಾದರೂ ದುಡ್ಡು ಕೊಟ್ಟು ನೀರು ತರಿಸಿದೆವು. ಟ್ಯಾಂಕರ್ ಬರುವುದೇ ಇಲ್ಲ ಅಂದ ದಿನ ಕೈಯಲ್ಲಿ ದುಡ್ಡಿದ್ದೂ ಏನೂ ಮಾಡಲಾಗಲಿಲ್ಲ. ಸುಂಕ ಅಂದರೆ ದರ ಏರುವುದು. ಲೈಸೆನ್ಸ್ ಅಂದರೆ ಟ್ಯಾಂಕರ್ ಬರಬೇಕೋ ಬೇಡವೋ ಎಂದು ಇನ್ನೊಬ್ಬರು ತೀರ್ಮಾನಿಸುವುದು. 2018ರ ಜುಲೈನಲ್ಲಿ ಅಮೆರಿಕ 3,400 ಕೋಟಿ ಡಾಲರ್ ಮೊತ್ತದ ಚೀನಾ ಸರಕಿನ ಮೇಲೆ ಶೇ 25 ಸುಂಕ ಹಾಕಿದಾಗ ಜಗಳ ದರದ್ದಾಗಿತ್ತು. 2019ರ ಮೇ ತಿಂಗಳಲ್ಲಿ ಚೀನಾದ ಟೆಲಿಕಾಂ ಕಂಪನಿ ಹುವಾವೆಯನ್ನು ಕಪ್ಪುಪಟ್ಟಿಗೆ ಸೇರಿಸಿದಾಗ, ಮತ್ತೆ 2022ರ ಅಕ್ಟೋಬರ್ 7ರಂದು ಮುಂದುವರಿದ ಚಿಪ್ಪುಗಳನ್ನೂ ಅವನ್ನು ಮಾಡುವ ಯಂತ್ರಗಳನ್ನೂ ಚೀನಾಕ್ಕೆ ಮಾರಬಾರದು ಎಂದಾಗ, ಅದು ನೀರು ಬಿಡಬೇಕೋ ಬೇಡವೋ ಎಂಬ ನಲ್ಲಿಯ ಜಗಳವಾಯಿತು. ನಲ್ಲಿ ತಿರುಗಿಸುವುದನ್ನು ಈ ಸುತ್ತಿನಲ್ಲಿ ದೊಡ್ಡದಾಗಿ ಶುರು ಮಾಡಿದ್ದು ಅಮೆರಿಕ. ಚೀನಾ ಅದನ್ನು ನೋಡಿ ತನ್ನ ಮನೆಯಲ್ಲಿರುವ ನಲ್ಲಿಗಳನ್ನು ಎಣಿಸಿಕೊಂಡಿತು. 2023ರ ಆಗಸ್ಟ್‌ನಲ್ಲಿ ಚಿಪ್ಪಿಗೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ಲೋಹಗಳು. 2025ರಲ್ಲಿ ನಿಮ್ಮ ಮ್ಯಾಗ್ನೆಟ್.

ಆ ನಲ್ಲಿ ಚೀನಾದ ಮನೆಗೆ ಹೋದದ್ದು ಹೇಗೆ ಎನ್ನುವುದು ತಿಳಿದಿರಬೇಕಾದ ಕಥೆ. 1980ರ ದಶಕದವರೆಗೂ ವಿರಳ ಲೋಹಕ್ಕೆ ದೊಡ್ಡ ಗಣಿ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್. ನಿಯೋಡಿಮಿಯಂ ಮ್ಯಾಗ್ನೆಟ್ಟನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್, ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಜನರಲ್ ಮೋಟಾರ್ಸ್ ಅದಕ್ಕಾಗಿ ಮ್ಯಾಗ್ನಕ್ವೆಂಚ್ ಎಂಬ ಘಟಕ ಕಟ್ಟಿತು; 1995ರಲ್ಲಿ ಅದನ್ನು ಚೀನಾದ ಪಾಲುದಾರರಿದ್ದ ಗುಂಪಿಗೆ ಮಾರಿತು. ಕೆಲವೇ ವರ್ಷಗಳಲ್ಲಿ ಯಂತ್ರಗಳೂ ಕೌಶಲವೂ ಚೀನಾಕ್ಕೆ ಹೋದವು. ಮೌಂಟನ್ ಪಾಸ್ 2002ರಲ್ಲಿ ಬಾಗಿಲು ಹಾಕಿತು. ಕಾರಣ ಸರಳ: ಈ ಲೋಹಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಕೊಳಕು ಕೆಲಸ, ಆಮ್ಲದ ನೂರಾರು ತೊಟ್ಟಿಗಳು, ವಿಕಿರಣ ಇರುವ ತ್ಯಾಜ್ಯ. ಚೀನಾ ತನ್ನ ನೆಲ ನೀರು ಕೆಡಿಸಿಕೊಂಡು ಅಗ್ಗವಾಗಿ ಮಾಡಿಕೊಟ್ಟಿತು, ಉಳಿದವರು ಸಂತೋಷವಾಗಿ ಕೊಂಡರು. ಇವತ್ತು ಶುದ್ಧೀಕರಣದಲ್ಲಿ ಸುಮಾರು ಶೇ 90 ಚೀನಾದ್ದು, ಮ್ಯಾಗ್ನೆಟ್ ತಯಾರಿಕೆಯಲ್ಲೂ ಅಷ್ಟೇ.

ಎಚ್ಚರಿಕೆಯ ಗಂಟೆ 2010ರಲ್ಲೇ ಬಾರಿಸಿತ್ತು. ಚೀನಾ, ಜಪಾನ್ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿಯೊಂದು ಜಪಾನಿನ ಕರಾವಳಿ ಕಾವಲು ಹಡಗುಗಳಿಗೆ ಗುದ್ದಿತು. ಜಪಾನ್ ಅದರ ನಾಯಕನನ್ನು ಹಿಡಿದಿಟ್ಟಿತು. ಕೆಲವೇ ದಿನಗಳಲ್ಲಿ ಜಪಾನಿಗೆ ವಿರಳ ಲೋಹ ಬರುವುದು ನಿಂತಿತು. ಜಪಾನ್ ಆಮೇಲೆ ಕೈಕಟ್ಟಿ ಕೂರಲಿಲ್ಲ. ವಿರಳ ಲೋಹ ತೆಗೆಯುವ ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ ಸರ್ಕಾರಿ ದುಡ್ಡು ಹಾಕಿತು, ದಾಸ್ತಾನು ಇಟ್ಟಿತು, ಕಡಿಮೆ ಡಿಸ್ಪ್ರೋಸಿಯಂನಲ್ಲಿ ಮ್ಯಾಗ್ನೆಟ್ ಮಾಡುವುದನ್ನು ಕಲಿಯಿತು. ಅಷ್ಟೆಲ್ಲ ಮಾಡಿಯೂ ಚೀನಾದ ಮೇಲಿನ ಅವಲಂಬನೆ ಶೇ ತೊಂಬತ್ತರಿಂದ ಅರವತ್ತರ ಆಸುಪಾಸಿಗೆ ಇಳಿಯಿತೇ ಹೊರತು ಹೋಗಲಿಲ್ಲ.

ಈಗ 2025ಕ್ಕೆ ಮರಳೋಣ. ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಮೇಲಿನ ಸುಂಕವನ್ನು ಶೇ 145ಕ್ಕೆ ಒಯ್ದಿತು, ಚೀನಾ ಶೇ 125ಕ್ಕೆ. ಆ ದರದಲ್ಲಿ ವ್ಯಾಪಾರವೇ ನಡೆಯುವುದಿಲ್ಲ. ಮೇ 12ಕ್ಕೆ ಜಿನೀವಾದಲ್ಲಿ ಇಬ್ಬರೂ ಇಳಿದರು: ಅಮೆರಿಕ ಶೇ 30ಕ್ಕೆ, ಚೀನಾ ಶೇ 10ಕ್ಕೆ. ಅದಾಗಿ ಎರಡು ವಾರಕ್ಕೆ ಅಮೆರಿಕ ಚಿಪ್ ವಿನ್ಯಾಸದ ಸಾಫ್ಟ್‌ವೇರನ್ನು ಚೀನಾಕ್ಕೆ ಮಾರದಂತೆ ಸಿನಾಪ್ಸಿಸ್, ಕೇಡೆನ್ಸ್‌ನಂಥ ಕಂಪನಿಗಳಿಗೆ ಸೂಚಿಸಿತು. ಈ ಕಂಪನಿಗಳ ದೊಡ್ಡ ಕಚೇರಿಗಳು ನಮ್ಮ ಊರಲ್ಲೇ ಇವೆ. ಜುಲೈ ಆರಂಭಕ್ಕೆ ಆ ನಿರ್ಬಂಧ ಎತ್ತಿದರು. ಮಧ್ಯದಲ್ಲಿ ನಡೆದದ್ದು ಲಂಡನ್ ಮಾತುಕತೆ, ಅಲ್ಲಿ ಮೇಜಿನ ಮೇಲಿದ್ದದ್ದು ಮ್ಯಾಗ್ನೆಟ್. ಅಕ್ಟೋಬರ್ 9ಕ್ಕೆ ಚೀನಾ ಲೈಸೆನ್ಸ್ ಬಲೆಯನ್ನು ಇನ್ನಷ್ಟು ಅಗಲಕ್ಕೆ ಬೀಸಿತು. ಟ್ರಂಪ್ ಇನ್ನೂ ಶೇ 100 ಸುಂಕ ಅಂದರು. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದರು. ಅಕ್ಟೋಬರ್‌ನ ಹೊಸ ನಿಯಮಗಳಿಗೆ ಒಂದು ವರ್ಷದ ತಡೆ ಬಿತ್ತು, ಅಮೆರಿಕ ಸುಂಕವನ್ನು 10 ಶೇಕಡಾ ಅಂಶದಷ್ಟು ಇಳಿಸಿತು. ಆದರೆ ಏಪ್ರಿಲ್ 4ರ ಲೈಸೆನ್ಸ್ ವ್ಯವಸ್ಥೆ ಹಾಗೇ ಉಳಿಯಿತು. ‘ರಾಜಿ ಆಯ್ತಲ್ಲ, ನನ್ನ ಮಾಲು ಯಾಕೆ ಬರಲಿಲ್ಲ’ ಎಂದು ನಿಮಗೆ ಅನ್ನಿಸಿದ್ದರೆ ಕಾರಣ ಇದು.

ಆ ಇಡೀ ವರ್ಷದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಒಂದು ಹೋಲಿಕೆ. ರಷ್ಯಾದ ತೈಲ ಕೊಳ್ಳುತ್ತೇವೆ ಎಂಬ ಕಾರಣಕ್ಕೆ ಅಮೆರಿಕ ಭಾರತದ ಮೇಲೆ ಹೆಚ್ಚುವರಿ ಶೇ 25 ಸುಂಕ ಹಾಕಿತು. ಆಗಸ್ಟ್ 27ಕ್ಕೆ ಒಟ್ಟು ಶೇ 50 ಆಯಿತು. ಅದೇ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುವ ಚೀನಾದ ಮೇಲೆ ಅಂಥ ಸುಂಕ ಬೀಳಲಿಲ್ಲ. ಇದು ನ್ಯಾಯದ ಪ್ರಶ್ನೆಯೇ ಆಗಿದ್ದರೆ ಇಬ್ಬರ ಮೇಲೂ ಬೀಳಬೇಕಿತ್ತು. ಚೀನಾದ ಕೈಯಲ್ಲಿ ಮ್ಯಾಗ್ನೆಟ್ ಇತ್ತು, ನಮ್ಮ ಕೈಯಲ್ಲಿ ಅಂಥದ್ದು ಇರಲಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಸುಂಕದ ಪೆಟ್ಟು ತಿಂದವರು ಯಾರು? ಬೆಳಗಿನ ಜಾವ ಡಬ್ಬಿ ಕಟ್ಟಿಕೊಂಡು ಗಾರ್ಮೆಂಟ್ಸ್‌ಗೆ ಹೋಗುವ ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಹೆಣ್ಣುಮಕ್ಕಳು. ಅಂಗಿಯನ್ನು ಬಾಂಗ್ಲಾದೇಶವೂ ಹೊಲಿಯುತ್ತದೆ, ವಿಯೆಟ್ನಾಂ ಕೂಡ ಹೊಲಿಯುತ್ತದೆ. ಕೊಳ್ಳುವವರಿಗೆ ಆಯ್ಕೆ ಇರುವ ಕಡೆ ನಮ್ಮ ಮಾತಿಗೆ ತೂಕ ಕಡಿಮೆ.

ಅದೇ ಹೊತ್ತಿಗೆ ದೇವನಹಳ್ಳಿ ಕಡೆ 300 ಎಕರೆಯಲ್ಲಿ ತೈವಾನಿನ ಕಂಪನಿ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತಿತ್ತು. ಸ್ಮಾರ್ಟ್‌ಫೋನ್‌ಗಳನ್ನು ಆ ಸುಂಕದಿಂದ ಹೊರಗಿಟ್ಟಿದ್ದರು. ಅಮೆರಿಕದವರಿಗೆ ಚೀನಾ ಬಿಟ್ಟು ಬೇರೆ ಕಡೆಯಿಂದ ಫೋನ್ ಬೇಕಿತ್ತು, ಕೊಡುವ ಸ್ಥಿತಿಯಲ್ಲಿ ನಾವಿದ್ದೆವು. ಅಲ್ಲಿ ಟಿವಿಯವರ ಮಾತು ನಿಜ, ಅಲ್ಲಿ ನಾವು ಮೂರನೆಯವನೇ. ಸಾವಿರಾರು ಕೆಲಸ ಬಂದವು, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ 2025ರ ಜುಲೈನಲ್ಲಿ ಆ ಕಂಪನಿಯ ಭಾರತದ ಘಟಕಗಳಿಂದ ನೂರಾರು ಚೀನೀ ಎಂಜಿನಿಯರುಗಳು ವಾಪಸು ಹೋದ ಸುದ್ದಿ ಬಂತಲ್ಲ, ಅಲ್ಲೇ ಗೊತ್ತಾಯಿತು: ಲಾಭದ ಬುಡದಲ್ಲೂ ಚೀನಾದ ಯಂತ್ರ, ಚೀನಾದ ಕೈಚಳಕ ಇದೆ. 2024–25ರಲ್ಲಿ ಚೀನಾದೊಂದಿಗೆ ನಮ್ಮ ವ್ಯಾಪಾರ ಕೊರತೆ 9,920 ಕೋಟಿ ಡಾಲರ್. ಅಮೆರಿಕಕ್ಕೆ ಫೋನ್ ಹೆಚ್ಚು ಕಳಿಸಿದಷ್ಟೂ ಚೀನಾದಿಂದ ಬಿಡಿಭಾಗ ಹೆಚ್ಚು ತರಿಸುತ್ತೇವೆ.

ಹಾಗಾದರೆ ನಾವೂ ಚೀನಾಕ್ಕೆ ಬಾಗಿಲು ಹಾಕಿದರೆ ಸರಿಹೋಗುತ್ತದೆಯೇ? ಗೆಳೆಯರು ಬಹಳ ಜನ ಹೀಗೆ ಕೇಳುತ್ತಾರೆ. ಅವರಿಗೆ ನಾನು ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ತೋರಿಸುತ್ತೇನೆ. 2019ರ ಡಿಸೆಂಬರ್‌ನಲ್ಲಿ ನಮ್ಮ ಮೆಟ್ರೊದ 216 ಬೋಗಿಗಳ ಗುತ್ತಿಗೆ ಚೀನಾದ ರೈಲು ತಯಾರಿಕಾ ಕಂಪನಿ ಸಿಆರ್‌ಆರ್‌ಸಿಗೆ ಹೋಯಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ಮಾಡಬೇಕು ಎಂಬುದು ಷರತ್ತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಚಿತ ಅನುಮತಿ ಕಡ್ಡಾಯ ಮಾಡಿತು, ಜೂನ್‌ನಲ್ಲಿ ಗಾಲ್ವಾನ್ ಆಯಿತು. ಇಪ್ಪತ್ತು ಯೋಧರು ಪ್ರಾಣ ಕೊಟ್ಟ ಮೇಲೆ ಆ ಬಿಗಿ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಅದರ ಲೆಕ್ಕ ಬಂದು ಸೇರಿದ್ದು ಹಳದಿ ಮಾರ್ಗದ ತುದಿಯ ಬೊಮ್ಮಸಂದ್ರಕ್ಕೆ. ಇಲ್ಲಿ ಕಾರ್ಖಾನೆ ತೆರೆಯಲಾಗದೆ ಆ ಕಂಪನಿ ಕೋಲ್ಕತ್ತ ಬಳಿಯ ಟಿಟಾಗಢ ಕಂಪನಿಯ ಜತೆ ಸೇರಿಕೊಳ್ಳಬೇಕಾಯಿತು, ಚೀನೀ ತಂತ್ರಜ್ಞರ ವೀಸಾ ತಡವಾಯಿತು. ಮೊದಲ ರೈಲು ಹೆಬ್ಬಗೋಡಿ ಡಿಪೋ ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಕಂಬ, ಹಳಿ, ನಿಲ್ದಾಣ ಎಲ್ಲ ಎದ್ದು ನಿಂತಿದ್ದರೂ ಸಿಲ್ಕ್ ಬೋರ್ಡ್‌ನಲ್ಲಿ ಜನ ಹೊಗೆ ಕುಡಿಯುತ್ತಾ ನಿಂತರು. 2025ರ ಆಗಸ್ಟ್ 10ರಂದು 19 ಕಿಲೋಮೀಟರಿನ ಆ ಮಾರ್ಗ ತೆರೆದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಬಾಗಿಲು ಹಾಕುವ ಮೊದಲು ಒಳಗೆ ಏನಿದೆ ಎಂದು ನೋಡಿಕೊಳ್ಳಬೇಕು, ಅಷ್ಟೇ ನನ್ನ ಮಾತು.

ಸುಂಕದ ಬಗ್ಗೆಯೂ ನನಗೆ ಇದೇ ಎಚ್ಚರಿಕೆ ಇದೆ, ಅದು ಪುಸ್ತಕದಿಂದ ಬಂದದ್ದಲ್ಲ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆಯಲ್ಲಿ ಹುಟ್ಟಿದವನು. ಬೇಯಿಸಿದ ಗೂಡಿನ ವಾಸನೆ ಈಗಲೂ ಮೂಗಿನಲ್ಲಿದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಬಂತು, ಗೂಡಿನ ದರ ಕುಸಿಯಿತು, ರಾಮನಗರದ ಮಾರುಕಟ್ಟೆಯಲ್ಲಿ ರೈತರು ಬೀದಿಗಿಳಿದರು. ನಮ್ಮಣ್ಣ ಆ ವರ್ಷ ನೂಲು ತೆಗೆಯುವ ಬೇಸಿನ್‌ಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಿದ. ಆದರೆ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ನಮ್ಮ ಭಾವನ ಮನೆಗೆ ಹೋದರೆ ಅವರಿಗೆ ಅದೇ ಸುದ್ದಿ ಸಮಾಧಾನ ತಂದಿತ್ತು: ಒಂದೇ ದಪ್ಪದ, ಗಂಟಿಲ್ಲದ ನೂಲು, ಕಡಿಮೆ ಬೆಲೆಗೆ. 2013ರಲ್ಲಿ ಸುಂಕ ಶೇ 15 ಆದಾಗ ಅಣ್ಣ ಉಸಿರುಬಿಟ್ಟ, ಭಾವ ಮುಖ ಗಂಟಿಕ್ಕಿದರು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಇಬ್ಬರಲ್ಲಿ ಯಾರ ಪರ ‘ದೇಶದ ಹಿತ’? ಸುಂಕದ ಪಾಠ ಶುರು ಮಾಡುವಾಗಲೆಲ್ಲ ನನಗೆ ಆ ಪಂಕ್ತಿ ಕಣ್ಣಿಗೆ ಬರುತ್ತಿತ್ತು.

ನಲ್ಲಿ ನಿಲ್ಲಿಸಿದಾಗ ಏನು ಮಾಡಬಹುದು ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆ ಇದೆ. ಅತಿ ತಣ್ಣನೆಯ ದ್ರವ ಇಂಧನದಲ್ಲಿ ಓಡುವ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನಕ್ಕಾಗಿ ಇಸ್ರೋ 1991ರಲ್ಲಿ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜತೆ ಒಪ್ಪಂದ ಮಾಡಿಕೊಂಡಿತು. 1992ರ ಮೇ ತಿಂಗಳಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು, ಮರುವರ್ಷ ರಷ್ಯಾ ಬಗ್ಗಿತು: ತಯಾರಾದ ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ. ಕೊಟ್ಟ ಎಂಜಿನ್‌ಗಳಲ್ಲಿ ಹಾರಿಸುತ್ತಾ ನಮ್ಮವರು ಸ್ವಂತದ್ದನ್ನು ಕಟ್ಟಿದರು. 2010ರ ಏಪ್ರಿಲ್‌ನ ಮೊದಲ ಪ್ರಯತ್ನ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ಕ್ಕೆ ಗೆದ್ದರು. ನಿರ್ಬಂಧ ಬಿದ್ದಾಗ ಕೆಲಸಕ್ಕೆ ಸೇರಿದ ಹುಡುಗ ಗೆದ್ದ ದಿನ ತಲೆ ನರೆತವನಾಗಿದ್ದ. ಹೆಮ್ಮೆಯಿಂದಲೇ ಹೇಳುತ್ತೇನೆ, ಜತೆಗೆ ವರ್ಷಗಳನ್ನೂ ಎಣಿಸಿ ಎನ್ನುತ್ತೇನೆ. ಇಸ್ರೋಗೆ ಕಾಯುವ ಶಕ್ತಿ ಇತ್ತು, ಹಿಂದೆ ಸರ್ಕಾರ ಇತ್ತು. ನಿಮಗೆ ಮುಂದಿನ ತಿಂಗಳ ಸಂಬಳ ಕೊಡಬೇಕಿದೆ.

ಮ್ಯಾಗ್ನೆಟ್ ವಿಷಯದಲ್ಲಿ ಸರ್ಕಾರ ಎದ್ದಿದೆ, ತಡವಾಗಿ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಸಾಮರ್ಥ್ಯ, ಹೆಚ್ಚೆಂದರೆ ಐದು ತಯಾರಕರು, ಕಾರ್ಖಾನೆ ಕಟ್ಟಲಿಕ್ಕೇ ಎರಡು ವರ್ಷ. ನಾನು ಇದನ್ನು ಮನಸಾರೆ ಬೆಂಬಲಿಸುತ್ತೇನೆ. ಮುಕ್ತ ಮಾರುಕಟ್ಟೆಯ ಪಾಠ ಹೇಳುತ್ತಿದ್ದ ಅಮೆರಿಕವೇ 2025ರ ಜುಲೈನಲ್ಲಿ ಮತ್ತೆ ತೆರೆದ ಮೌಂಟನ್ ಪಾಸ್ ಗಣಿಯ ಕಂಪನಿಯಲ್ಲಿ ಪಾಲು ಕೊಂಡು, ಮ್ಯಾಗ್ನೆಟ್ಟಿನ ಮುಖ್ಯ ಲೋಹಗಳಾದ ನಿಯೋಡಿಮಿಯಂ–ಪ್ರೆಸಿಯೋಡಿಮಿಯಂಗೆ ಕಿಲೋಗೆ 110 ಡಾಲರ್ ಖಾತರಿ ಮಾಡಿತು. ನಮ್ಮಲ್ಲಿ ರಾಗಿಗೆ ಕೊಡುತ್ತೇವಲ್ಲ, ಅದೇ ಬೆಂಬಲ ಬೆಲೆ. ಇದು ಇಲ್ಲದಿದ್ದರೆ ಚೀನಾ ದರ ಇಳಿಸಿದ ದಿನ ಹೊಸ ಕಾರ್ಖಾನೆಗಳು ಮುಚ್ಚುತ್ತವೆ.

ಒಂದು ತೊಡಕು ಮಾತ್ರ ನಿಮಗೆ ಈಗಲೇ ಗೊತ್ತಿರಲಿ. ಕೇರಳ, ಒಡಿಶಾ ಕರಾವಳಿಯ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜದಿಂದ ನಮಗೆ ನಿಯೋಡಿಮಿಯಂ ಸಿಗುತ್ತದೆ. ಥೋರಿಯಂ ಇರುವುದರಿಂದ ಅದು ಅಣುಶಕ್ತಿ ಇಲಾಖೆಯ ಹತೋಟಿಯಲ್ಲಿದೆ, ಸರ್ಕಾರಿ ಸಂಸ್ಥೆ ಐಆರ್‌ಇಎಲ್ ತೆಗೆಯುತ್ತದೆ. ಡಿಸ್ಪ್ರೋಸಿಯಂ, ಟರ್ಬಿಯಂ ನಮ್ಮ ಮರಳಿನಲ್ಲಿ ತೀರ ಕಡಿಮೆ. ಅವು ಹೆಚ್ಚಾಗಿ ಬರುವುದು ದಕ್ಷಿಣ ಚೀನಾದ ಮತ್ತು ಮ್ಯಾನ್ಮಾರಿನ ಜೇಡಿಮಣ್ಣಿನಿಂದ. ಹಾಗಾಗಿ ಸ್ವದೇಶಿ ಮ್ಯಾಗ್ನೆಟ್ ಬಂದರೂ ಹೆಚ್ಚು ಬಿಸಿ ತಡೆಯುವ ದರ್ಜೆಯದ್ದು ಕೊನೆಗೆ ಬರುತ್ತದೆ.

ಆದ್ದರಿಂದ ನಿಮ್ಮ ಕೆಲಸ ಆ ದರ್ಜೆಯಿಂದಲೇ ಶುರುವಾಗಬೇಕು. ಈಗ ಕೊಳ್ಳುತ್ತಿರುವ ಮ್ಯಾಗ್ನೆಟ್ಟಿನ ಹೆಸರಿನ ಕೊನೆಯ ಅಕ್ಷರ ನೋಡಿ. ಅಕ್ಷರವೇ ಇಲ್ಲದಿದ್ದರೆ ಸುಮಾರು 80 ಡಿಗ್ರಿವರೆಗೆ, ಎಂ ಇದ್ದರೆ 100, ಎಚ್ ಇದ್ದರೆ 120, ಎಸ್‌ಎಚ್ 150, ಯುಎಚ್ 180. ಮೇಲೆ ಹೋದಷ್ಟೂ ಡಿಸ್ಪ್ರೋಸಿಯಂ, ಟರ್ಬಿಯಂ ಹೆಚ್ಚು ಬೇಕಾಗುತ್ತದೆ. ನಾನು ನೋಡಿದ ಹಲವು ಸಣ್ಣ ಘಟಕಗಳಲ್ಲಿ ‘ಇರಲಿ, ಸೇಫ್ಟಿಗೆ’ ಎಂದು ಅಗತ್ಯಕ್ಕಿಂತ ಒಂದೆರಡು ದರ್ಜೆ ಮೇಲಿನದ್ದನ್ನೇ ತರಿಸುತ್ತಿದ್ದರು, ಆಗ ದರದ ವ್ಯತ್ಯಾಸ ಅಷ್ಟಿರಲಿಲ್ಲ. ನಿಮ್ಮ ಮೋಟಾರು ನಿಜವಾಗಿ ಎಷ್ಟು ಕಾಯುತ್ತದೆ ಎಂದು ಅಳೆಸಿ. ಏರು ರಸ್ತೆಯಲ್ಲಿ, ಪೂರ್ತಿ ಸವಾರಿ ಹಾಕಿ, ಮೇ ತಿಂಗಳ ಬಿಸಿಲಲ್ಲಿ. 110ರ ಒಳಗೇ ನಿಂತರೆ ಎಸ್‌ಎಚ್ ಬಿಟ್ಟು ಎಚ್‌ಗೆ ಬರುವ ದಾರಿ ಇದೆ. ಆ ಏಳು ಲೋಹ ಇಲ್ಲದ ಎಚ್ ದರ್ಜೆ ಮಾಡುವವರು ಇದ್ದಾರೆ. ಅಂಥದ್ದು ಲೈಸೆನ್ಸ್ ಪಟ್ಟಿಯ ಹೊರಗೆ ನಿಲ್ಲುತ್ತದೆ. ಆದರೂ ಬಂದರಿನಲ್ಲಿ ಪರೀಕ್ಷೆಗೆ ತಡೆಯಬಹುದು, ಹಾಗಾಗಿ ಸರಕಿನ ಜತೆಗೇ ಲೋಹಾಂಶದ ವರದಿ ಕಳಿಸಲು ಮಾರುವವರಿಗೆ ಹೇಳಿ. ವಿನ್ಯಾಸ ಬದಲಿಸಲು ಕೈಯಲ್ಲಿ ಒಂದಿಷ್ಟು ಸಮಯ ಇದ್ದರೆ ವಿರಳ ಲೋಹವೇ ಬೇಡದ ಫೆರೈಟ್ ಮ್ಯಾಗ್ನೆಟ್ಟಿನ ಮೋಟಾರನ್ನೂ ಯೋಚಿಸಿ. ತೂಕ, ಗಾತ್ರ ಹೆಚ್ಚುತ್ತದೆ. ಬೈಕಿಗೆ ಅದು ಕಷ್ಟ, ಆಟೋಗೆ ಅಷ್ಟು ಕಷ್ಟವಲ್ಲ. ಲೈಸೆನ್ಸ್ ಅರ್ಜಿಯನ್ನು ಒಬ್ಬರೇ ಹಾಕಬೇಡಿ. ಪೀಣ್ಯದ ಕೈಗಾರಿಕಾ ಸಂಘದ ಮೂಲಕ ನಿಮ್ಮಂಥ ಏಳೆಂಟು ಘಟಕಗಳು ಸೇರಿ ಒಬ್ಬನೇ ಆಮದುದಾರನ ಮೂಲಕ ಹಾಕಿದರೆ ಕಾಗದದ ಹಿಂದೆ ಓಡಾಡಲು ಒಬ್ಬರನ್ನು ಇಟ್ಟುಕೊಳ್ಳಬಹುದು.

ಈಗಿನ ಮ್ಯಾಗ್ನೆಟ್ಟಿನ ಡೇಟಾ ಶೀಟ್ ಮತ್ತು ನೀವು ಅಳೆದ ತಾಪಮಾನ ಎರಡನ್ನೂ ಕಳಿಸಿಕೊಡಿ. ಮೋಟಾರು ವಿನ್ಯಾಸದಲ್ಲಿ ಪಳಗಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಜಾಲಹಳ್ಳಿಯಲ್ಲೇ ಇದ್ದಾರೆ. ಅವರಿಗೆ ತೋರಿಸಿ, ಯಾವ ದರ್ಜೆಗೆ ಇಳಿಯಬಹುದು ಎಂದು ತಿಳಿಸುತ್ತೇನೆ.